ಮೊಣಕಾಲು ನೋವು ಅಂತಲೇ ಹೇಳುತ್ತಿದ್ದವಳು

ಜೂನ್‌ನಲ್ಲಿ ಶಾಲೆ ಶುರುವಾಗಿ ಎರಡನೇ ವಾರ ನಡೆಯುತ್ತಿತ್ತು. ನಲಿಕಲಿ ತರಗತಿಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಟೀಚರೂ ಅವರ ಜೊತೆ ನೆಲಕ್ಕೇ ಕೂರಬೇಕು. ಅಕ್ಷರದ ಕಾರ್ಡು ಹರಡಿಕೊಂಡು ಕೂತಿದ್ದ ನಾನು ಬೆಲ್ ಹೊಡೆದಾಗ ಏಳಲು ನೋಡಿದೆ. ಬಲ ಮೊಣಕಾಲು ಅರ್ಧ ಮಡಚಿದಲ್ಲೇ ಹಿಡಿದುಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಪಕ್ಕದ ಗುಂಡು ಮೇಜಿನ ಅಂಚು ಹಿಡಿದು ಎರಡನೇ ಸಲ ಪ್ರಯತ್ನ ಮಾಡಿದೆ. ಮೇಜೇ ನನ್ನ ಕಡೆ ವಾಲಿತು. ಮಕ್ಕಳು ಮೊದಲು ನಕ್ಕರು, ನನ್ನ ಮುಖ ನೋಡಿ ಸುಮ್ಮನಾದರು. ಒಬ್ಬಳು ಹುಡುಗಿ ಓಡಿಹೋಗಿ ಅಡುಗೆ ಮನೆಯಿಂದ ಅಡುಗೆ ಅಕ್ಕನನ್ನು ಕರೆದುಕೊಂಡು ಬಂದಳು.

ಅಡುಗೆ ಅಕ್ಕ ಅಂದರೆ ನಮ್ಮ ಶಾಲೆಯಲ್ಲಿ ಒಬ್ಬಳು ಸಹಾಯಕಿಯನ್ನು ಇಟ್ಟುಕೊಂಡು ಬಿಸಿಯೂಟ ಮಾಡುವವಳು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು, ಆದರೂ ಮಕ್ಕಳು ಕರೆಯುವುದು ಕೇಳಿ ಕೇಳಿ ನನ್ನ ಬಾಯಿಗೂ ಅಕ್ಕ ಅಂತಲೇ ಬರುತ್ತಿತ್ತು. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ನನ್ನ ಹಿಂದೆ ನಿಂತು, ಎರಡೂ ಕಂಕುಳಿಗೆ ಕೈ ಕೊಟ್ಟು, "ಏಳಿ ಟೀಚರೇ, ಒಂದೇ ಸಲ" ಅಂತ ಎತ್ತಿದಳು. ನಾನು ನಿಂತೆ. ನಿಂತ ಮೇಲೆ ನೋಡಿದರೆ ಅವಳೇ ಗೋಡೆ ಹಿಡಿದುಕೊಂಡು ತುಟಿ ಕಚ್ಚಿದ್ದಳು.

"ನಿಂಗೆ ಎಂತಾಯ್ತು?" ಅಂದೆ.

"ಎಂತದೂ ಇಲ್ಲ ಟೀಚರೇ. ನಂಗೂ ಮೊಣಕಾಲು ನೋವು."

ಹಾಗೆ ನಮ್ಮಿಬ್ಬರ ನಡುವೆ ಮೊಣಕಾಲಿನ ಮಾತು ಶುರುವಾಯಿತು. ಅದಕ್ಕೂ ಮೊದಲು ಆರು ವರ್ಷ ಒಂದೇ ಶಾಲೆಯಲ್ಲಿದ್ದರೂ ಅಕ್ಕಿ ಎಷ್ಟು, ಬೇಳೆ ಎಷ್ಟು, ಇವತ್ತು ಎಷ್ಟು ಮಕ್ಕಳು ಬಂದಿದ್ದಾರೆ ಅನ್ನುವುದು ಬಿಟ್ಟರೆ ನಾವು ಹೆಚ್ಚು ಮಾತಾಡಿದವರಲ್ಲ.

ನನ್ನ ನೋವು ಶುರುವಾಗಿ ಆಗಲೇ ಮೂರು ವರ್ಷವಾಗಿತ್ತು. ನನ್ನ ಮನೆ ಕೊಪ್ಪದಲ್ಲಿ, ಶಾಲೆ ಮೇಗುಂದದ ಕಡೆ. ಬಸ್ಸಿನಲ್ಲೇ ಓಡಾಟ. ಮೊದಲು ತೊಂದರೆ ಕೊಟ್ಟದ್ದು ಬಸ್ಸಿನ ಮೆಟ್ಟಿಲು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಹಿಂದೆ ಇಳಿಯುವವರು ಕಾಯುತ್ತಿರುತ್ತಾರೆ, ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿರುತ್ತಾನೆ, ನಾನು ಬಾಗಿಲ ಕಂಬಿ ಹಿಡಿದುಕೊಂಡು ಕೆರೆಗೆ ಇಳಿಯುವವಳ ಹಾಗೆ ಒಂದೊಂದೇ ಕಾಲು ಇಳಿಸುತ್ತೇನೆ. ಆಮೇಲೆ ಮನೆಯ ಶೌಚಾಲಯ. ಕುಕ್ಕರುಗಾಲಲ್ಲಿ ಕೂತರೆ ಏಳಲು ನಲ್ಲಿ ಹಿಡಿದುಕೊಳ್ಳಬೇಕಾಗಿತ್ತು. ಒಂದು ದಿನ ನಲ್ಲಿಯೇ ಕೈಗೆ ಬಂತು. ನಮ್ಮ ಮನೆಯವರು ಪ್ಲಂಬರನ್ನು ಕರೆಸಿ ನಲ್ಲಿಯ ಜೊತೆಗೇ ಕಮೋಡನ್ನೂ ಹಾಕಿಸಿದರು. ಒಂದು ಮಾತೂ ಆಡಲಿಲ್ಲ. ಆ ಸುಮ್ಮನಿದ್ದದ್ದಕ್ಕೆ ನಾನು ಅವರಿಗೆ ಇವತ್ತಿಗೂ ಋಣಿ.

ಕೊಪ್ಪದ ಡಾಕ್ಟರು ಎಕ್ಸ್‌ರೇ ನೋಡಿ ಸವೆತ ಅಂದಿದ್ದರು. ಆಪರೇಷನ್ ಈಗಲೇ ಬೇಡ, ತೂಕ ಇಳಿಸಿ, ನೆಲದ ಮೇಲೆ ಕೂರಬೇಡಿ, ಕುರ್ಚಿಯಲ್ಲಿ ಕೂತು ಕಾಲು ನೆಟ್ಟಗೆ ಚಾಚಿ ಹತ್ತು ಎಣಿಸಿ ಇಳಿಸಿ, ದಿನಾ ಬೆಳಿಗ್ಗೆ ಸಂಜೆ. ಇಷ್ಟು. ವ್ಯಾಯಾಮ ಮಾಡುತ್ತಿದ್ದೆ. ನೆಲದ ಮೇಲೆ ಕೂರುವುದನ್ನು ಮಾತ್ರ ಬಿಟ್ಟಿರಲಿಲ್ಲ. ನಲಿಕಲಿ ಟೀಚರು ಕುರ್ಚಿಯಲ್ಲಿ ಕೂತರೆ ನೋಡಿದವರು ಏನಂದಾರು ಅನ್ನುವ ಅಳುಕು. ಆವತ್ತು ಮೊಣಕಾಲು ಹಿಡಿದುಕೊಂಡ ಮೇಲೆ ಅಳುಕು ಬಿಟ್ಟು ಕುರ್ಚಿ ತಂದು ಹಾಕಿಕೊಂಡೆ. ಮಕ್ಕಳೇ ಸ್ಲೇಟು ಹಿಡಿದು ನನ್ನ ಹತ್ತಿರ ಬಂದು ನಿಲ್ಲುವುದು ರೂಢಿಯಾಯಿತು. ಅವರ ಕಲಿಕೆಗೆ ಏನೂ ಕುಂದಾದ ಹಾಗೆ ನನಗೆ ಕಾಣಲಿಲ್ಲ.

ಟೀಚರುಗಳಿಗೆ ಒಂದು ಚಟ ಇರುತ್ತದೆ. ತನಗೆ ಗೊತ್ತಾದದ್ದನ್ನು ಇನ್ನೊಬ್ಬರಿಗೆ ಹೇಳಿಕೊಡದಿದ್ದರೆ ಸಮಾಧಾನ ಇರುವುದಿಲ್ಲ. ಮಧ್ಯಾಹ್ನ ಮಕ್ಕಳ ಊಟ ಮುಗಿದ ಮೇಲೆ ಅಕ್ಕನನ್ನು ಕೂರಿಸಿಕೊಂಡು ನನ್ನ ವ್ಯಾಯಾಮ ಹೇಳಿಕೊಟ್ಟೆ. ಮನೆಯಲ್ಲಿ ಹೆಚ್ಚಿಗೆ ಇದ್ದ ಮೊಣಕಾಲಿನ ಬೆಲ್ಟ್ ತಂದುಕೊಟ್ಟೆ. ಹಚ್ಚಿಕೊಳ್ಳುವ ಮುಲಾಮು ಕೊಟ್ಟೆ. ಅವಳು ಬೇಡ ಅನ್ನಲಿಲ್ಲ. ಬೆಲ್ಟ್ ಹಾಕಿಕೊಂಡೇ ಕೆಲಸ ಮಾಡಿದಳು. ಬೆಳಿಗ್ಗೆ ಹಾಲು ಕಾಯಿಸುವುದು, ಅಕ್ಕಿ ತೊಳೆಯುವುದು, ಈಳಿಗೆ ಮಣೆಯ ಮುಂದೆ ಕೂತು ಬುಟ್ಟಿ ತುಂಬ ತರಕಾರಿ ಹೆಚ್ಚುವುದು, ನೆಲಕ್ಕೆ ತಗ್ಗಾಗಿದ್ದ ಒಲೆಯಿಂದ ದೊಡ್ಡ ಪಾತ್ರೆ ಇಳಿಸುವುದು, ಎಲ್ಲವೂ ಕೂತು ಎದ್ದು, ಕೂತು ಎದ್ದು. ಅಡಿಕೆ ಕೊಯ್ಲಿನ ಕಾಲದಲ್ಲಿ ಶಾಲೆ ಮುಗಿಸಿ ಹೋಗಿ ಸಂಜೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಳು ಅನ್ನುವುದೂ ನನಗೆ ಗೊತ್ತಿತ್ತು.

ಎರಡು ತಿಂಗಳಾದರೂ ಅವಳ ನೋವು ಕಡಿಮೆಯಾಗಲಿಲ್ಲ. ಕುಂಟುವುದು ಹೆಚ್ಚಾಯಿತು. ನಾನೇ ಒತ್ತಾಯ ಮಾಡಿ ಒಬ್ಬ ಡಾಕ್ಟರ ಹತ್ತಿರ ಕಳಿಸಿದೆ. ಅವಳು ಮೊಣಕಾಲು ಅಂದಳು, ಅವರು ಮೊಣಕಾಲಿನದೇ ಎಕ್ಸ್‌ರೇ ತೆಗೆಸಿದರು. "ಫೋಟೋದಲ್ಲಿ ಎಂತದೂ ಇಲ್ಲ ಅಂದ್ರು ಟೀಚರೇ" ಅಂತ ಬಂದು ಹೇಳಿದಳು. ನೋವಿನ ಗುಳಿಗೆ ಕೊಟ್ಟಿದ್ದರು.

ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಅವತ್ತಿನಿಂದ ನನಗೆ ಅವಳ ನೋವಿನ ಮೇಲೆ ಸಣ್ಣ ಅನುಮಾನ ಬಂತು. ನನ್ನ ಎಕ್ಸ್‌ರೇಯಲ್ಲಿ ಸವೆತ ಬರಿಗಣ್ಣಿಗೆ ಕಾಣುವಷ್ಟಿತ್ತು. ಅಷ್ಟಿದ್ದೂ ನಾನು ಬಸ್ಸು ಹತ್ತಿ ಇಳಿದು ಕೆಲಸ ಮಾಡುತ್ತಿದ್ದೇನೆ. ಇವಳದ್ದರಲ್ಲಿ ಎಂತದೂ ಇಲ್ಲ, ಮತ್ತೆ ಯಾಕಿಷ್ಟು? ಒಂದು ದಿನ ಬಾಯಿಬಿಟ್ಟು ಅಂದೇಬಿಟ್ಟೆ.

"ನೀನು ವ್ಯಾಯಾಮ ಸರಿಯಾಗಿ ಮಾಡ್ತಿಲ್ಲ ಅಕ್ಕ. ಮಾಡಿದ್ರೆ ಕಡಿಮೆ ಆಗ್ಲೇಬೇಕು."

"ಮಾಡ್ತಿದೀನಿ ಟೀಚರೇ" ಅಂದಳು. ಅಷ್ಟೇ.

ಆಮೇಲಿನದು ಅಕ್ಟೋಬರ್‌ನಲ್ಲಿ ರಜೆ ಮುಗಿದು ಶಾಲೆ ತೆರೆದ ಮೇಲೆ ನಡೆದದ್ದು. ಅನ್ನ ಬಸಿಯುವಾಗ ಅವಳ ಬಲಗಾಲು ಕುಸಿಯಿತು. ಪಾತ್ರೆ ವಾಲಿ ಬಿಸಿ ಗಂಜಿ ಅಡುಗೆ ಮನೆಯ ನೆಲದ ತುಂಬ ಹರಡಿತು. ಅವಳ ಪಾದದ ಮೇಲೆ ಒಂದಿಷ್ಟು ಬಿದ್ದು ಬೊಬ್ಬೆ ಎದ್ದಿತು. ಮಕ್ಕಳು ಯಾರೂ ಒಳಗಿರಲಿಲ್ಲ, ದೇವರು ದೊಡ್ಡವನು. ಶಾಲಾ ಸಮಿತಿಯ ಅಧ್ಯಕ್ಷರು ಮರುದಿನವೇ ಬಂದರು. ಒಳ್ಳೆಯ ಮನುಷ್ಯರು, ಅವರ ಮೊಮ್ಮಗಳೂ ನಮ್ಮ ಶಾಲೆಯಲ್ಲೇ ಓದುತ್ತಿದ್ದಳು.

"ಮಕ್ಕಳ ಮೇಲೆ ಬಿದ್ದಿದ್ರೆ ಎಂತ ಮಾಡದಿತ್ತು ಟೀಚರೇ? ಪಾಪ, ಅವಳಿಗೆ ಆಗ್ತಿಲ್ಲ ಅಂತಾದ್ರೆ ಬೇರೆಯವರನ್ನ ಹಾಕದು ಒಳ್ಳೇದಲ್ದಾ?"

ಅವರು ಹೇಳಿದ್ದರಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯ ಕೆಲಸವೂ ನನ್ನದೇ. ನಾನು ಅಡುಗೆ ಮನೆಗೆ ಹೋಗಿ, "ಅಕ್ಕ, ಒಂದು ತಿಂಗಳು ಮನೇಲಿ ಸುಧಾರಿಸ್ಕೊ. ಅಲ್ಲಿತಂಕ ಸಹಾಯಕಿ ನೋಡ್ಕೊಳ್ತಾಳೆ, ಇನ್ನೊಬ್ಬರನ್ನ ಜೊತೆಗೆ ಹಾಕ್ತೀವಿ" ಅಂದೆ. ದನಿ ಎಷ್ಟು ಮೆತ್ತಗೆ ಮಾಡಿದ್ದರೂ ಅವಳಿಗೆ ಅರ್ಥವಾದದ್ದು ಬೇರೆ. ಒಂದು ತಿಂಗಳಾದ ಮೇಲೆ ಹೊಸಬಳೇ ಗಟ್ಟಿಯಾಗುತ್ತಾಳೆ ಅನ್ನುವುದು ಅವಳಿಗೂ ಗೊತ್ತು, ನನಗೂ ಗೊತ್ತು.

"ಆತು ಟೀಚರೇ" ಅಂದಳು. ಸೌಟು ತೊಳೆದು ಮೊಳೆಗೆ ನೇತುಹಾಕಿದಳು. ಒದ್ದೆ ಬಟ್ಟೆ ಹಿಂಡಿ ಹರಡಿದಳು. ಚೀಲ ತೆಗೆದುಕೊಂಡು ಹೋದಳು. ಮಧ್ಯಾಹ್ನ ನೋಡುತ್ತೇನೆ, ನಾನು ಕೊಟ್ಟ ಬೆಲ್ಟು ಒಗೆದು ಮಡಚಿ ಅಡುಗೆ ಮನೆಯ ಕಿಟಕಿಯಲ್ಲಿ ಇಟ್ಟಿತ್ತು.

ಆ ಬೆಲ್ಟು ನನಗೆ ನಾಲ್ಕು ದಿನ ಊಟ ರುಚಿಸದ ಹಾಗೆ ಮಾಡಿತು. ಭಾನುವಾರ ಬಸ್ಸು ಹತ್ತಿ ಅವಳ ಮನೆಗೆ ಹೊರಟೆ. ರಸ್ತೆಯಿಂದ ಅವಳ ಮನೆಗೆ ಇಳಿಜಾರು ದಾರಿ, ಮಣ್ಣು ಕಡಿದು ಮಾಡಿದ ಮೆಟ್ಟಿಲು. ನಾನು ಪಕ್ಕಕ್ಕೆ ತಿರುಗಿ, ಏಡಿಯ ಹಾಗೆ, ಒಂದೊಂದೇ ಮೆಟ್ಟಿಲು ಇಳಿದೆ. ಅರ್ಧ ದಾರಿಯಲ್ಲಿ ನಿಂತು ಉಸಿರು ತೆಗೆದುಕೊಳ್ಳುವಾಗ ಹೊಳೆಯಿತು, ಇವಳು ದಿನಾ ಇದನ್ನು ಹತ್ತಿ ಇಳಿದು ಬೆಳಿಗ್ಗೆ ನನಗಿಂತ ಮೊದಲು ಶಾಲೆಯಲ್ಲಿರುತ್ತಿದ್ದಳು. ನನ್ನ ಬಸ್ಸಿನ ಮೆಟ್ಟಿಲಿನ ಕಷ್ಟವನ್ನು ಎಷ್ಟೋ ಸಲ ಅವಳ ಮುಂದೆ ತೋಡಿಕೊಂಡಿದ್ದೆ. ಈ ದಾರಿಯ ಬಗ್ಗೆ ಅವಳು ಒಮ್ಮೆಯೂ ಹೇಳಿರಲಿಲ್ಲ.

ಅಂಗಳದಲ್ಲಿ ಅವಳು ಜಗಲಿಯ ಕಟ್ಟೆಯ ಮೇಲೆ ಕೂತಿದ್ದಳು. ಕೊಪ್ಪದಲ್ಲಿ ಪಿಯುಸಿ ಓದುತ್ತಿದ್ದ ಮಗಳು ಕೆಳಗೆ ಕೂತು ತಾಯಿಯ ಕಾಲಿನ ಉಗುರು ತೆಗೆಯುತ್ತಿದ್ದಳು. ನನ್ನನ್ನು ನೋಡಿ ಅಕ್ಕ ಗಡಬಡಿಸಿ ಏಳಲು ಹೋದಳು. ನಾನು ಬೇಡ ಅಂತ ಕೈ ಮಾಡಿ ಪಕ್ಕದಲ್ಲೇ ಕೂತೆ.

"ಉಗುರು ನಿಂಗೇ ತೆಗೀಲಿಕ್ಕೆ ಆಗಲ್ವಾ?" ಅಂದೆ, ಸುಮ್ಮನೆ ಮಾತಿಗೆ.

"ಎಲ್ಲಿ ಟೀಚರೇ. ಕಾಲು ಹತ್ರ ಬರದೇ ಇಲ್ಲ. ಒಂದು ವರ್ಷ ಆಯ್ತು, ಇವಳೇ ತೆಗೆಯದು. ಚಪ್ಲಿ ಪಟ್ಟಿನೂ ಇವಳೇ ಹಾಕದು ಕೆಲವು ಸಲ."

ನನಗೆ ಅದು ವಿಚಿತ್ರ ಅನ್ನಿಸಿತು. ನಾನು ಕೂತಲ್ಲೇ ನನ್ನ ಬಲ ಪಾದವನ್ನು ಎಡ ಮೊಣಕಾಲಿನ ಮೇಲೆ ಇಟ್ಟು ನೋಡಿದೆ. ನೋವಾಯಿತು, ಆದರೆ ಬಂತು. ಮನೆಯಲ್ಲಿ ನಾನು ಉಗುರು ತೆಗೆಯುವುದೇ ಹಾಗೆ. "ಹೀಗೆ ಮಾಡು ನೋಡುವ" ಅಂದೆ. ಅವಳು ಎರಡೂ ಕೈಯಲ್ಲಿ ಕಾಲು ಹಿಡಿದು ಎತ್ತಿದಳು. ಮೊಣಕಾಲು ಚೆನ್ನಾಗಿಯೇ ಮಡಚಿತು. ಆದರೆ ಕಾಲು ಹೊರಕ್ಕೆ ತಿರುಗಲೇ ಇಲ್ಲ. ಮರದ ಕೊರಡಿನ ಹಾಗೆ ನಿಂತಿತು. ಅವಳ ಮುಖ ಬೆವತಿತು.

ಮಗಳಿಗೆ ಕಾಫಿ ಮಾಡಲು ಹೇಳಿ ಒಳಗೆ ಕಳಿಸಿದೆ.

"ಅಕ್ಕ, ನಿಜ ಹೇಳು. ನೋವು ಸುರು ಆಗದು ಎಲ್ಲಿ? ಬೆರಳಿಟ್ಟು ತೋರಿಸು."

ಅವಳು ಬಾಗಿಲ ಕಡೆ ನೋಡಿದಳು. ಆಮೇಲೆ ನಾಚುತ್ತ ಸೀರೆಯ ಮೇಲಿಂದ ತೊಡೆಸಂದಿಯ ಹತ್ತಿರ ಕೈಯಿಟ್ಟಳು.

"ಇಲ್ಲಿಂದ. ಇಲ್ಲಿ ಹಿಡ್ಕಳ್ತದೆ. ಆಮೇಲೆ ತೊಡೆ ಮೇಲಿಂದ ಇಳಿದು ಮೊಣಕಾಲಿಗೆ ಹೋಗ್ತದೆ."

"ಮತ್ತೆ ಡಾಕ್ಟ್ರಿಗೆ ಎಂತಕ್ಕೆ ಹೇಳಿಲ್ಲ ಮಾರಾಯ್ತಿ?"

"ಗಂಡಸು ಡಾಕ್ಟ್ರು ಟೀಚರೇ. ಅಲ್ಲಿ ನೋವು ಅಂದ್ರೆ ಅವ್ರು ಎಂತ ಅಂದ್ಕಳ್ತಾರೆ? ನಮ್ಮನೆಯವರಿಗೂ ಹೇಳಿಲ್ಲ. ಅತ್ತೆ ಇದ್ದಾಗ ಒಂದ್ಸಲ ಹೇಳಿದ್ದೆ, ಹೆಂಗಸ್ರ ಕಾಯಿಲೆ ಇರ್ಬೇಕು, ಯಾರ ಹತ್ರನೂ ಹೇಳ್ಬೇಡ ಅಂದ್ರು. ಮೊಣಕಾಲು ಅಂದ್ರೆ ಯಾರಿಗೂ ತೊಂದ್ರೆ ಇಲ್ಲ ನೋಡಿ."

ನಾಲ್ಕು ತಿಂಗಳು ನಾನು ಅವಳಿಗೆ ಪಾಠ ಹೇಳಿದ್ದೆ. ಎಲ್ಲಿ ನೋವು ಅಂತ ಒಂದು ಸಲ ಕೂರಿಸಿ ಕೇಳಿರಲಿಲ್ಲ.

ನರಸಿಂಹರಾಜಪುರ ನನ್ನ ತವರು. ಅಲ್ಲಿರುವ ಅತ್ತಿಗೆಗೆ ಫೋನ್ ಮಾಡಿದೆ. ವಾರಕ್ಕೊಂದು ದಿನ ಹೊರಗಿನಿಂದ ಮೂಳೆ ಡಾಕ್ಟರೊಬ್ಬರು ಅಲ್ಲಿನ ಕ್ಲಿನಿಕ್ಕಿಗೆ ಬರುತ್ತಾರೆ, ಸಮಾಧಾನದಲ್ಲಿ ನೋಡುತ್ತಾರೆ ಅಂದರು. ಆ ವಾರವೇ ರಜೆ ಹಾಕಿ ಅಕ್ಕನನ್ನು ಹೊರಡಿಸಿದೆ. ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನಾವಿಬ್ಬರೂ ಬಸ್ಸು ಹತ್ತುವುದನ್ನು ಯಾರಾದರೂ ವಿಡಿಯೋ ಮಾಡಿದ್ದರೆ ಊರೆಲ್ಲ ಓಡಾಡುತ್ತಿತ್ತೇನೋ. ಮೊದಲು ನಾನು ಹತ್ತಿ ಅವಳಿಗೆ ಕೈ ಕೊಟ್ಟೆ, ಅವಳು ನನ್ನ ಕೈ ಎಳೆದಳು, ನಾನು ಮುಂದಕ್ಕೆ ಬಗ್ಗಿದೆ, ಇಬ್ಬರೂ ಬೀಳುವುದರಲ್ಲಿದ್ದೆವು. ಕಂಡಕ್ಟರ್ ಬಂದು ಅವಳ ಮೊಣಕೈ ಹಿಡಿದು, "ನಿಧಾನ ಬನ್ನಿ ಅಮ್ಮಾ, ನಿಮ್ಮನ್ನ ಬಿಟ್ಟು ಬಸ್ಸೆಲ್ಲಿಗೆ ಹೋಗ್ತದೆ" ಅಂದ. ಆ ದಿನಗಳಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಡಾಕ್ಟರಿಗೆ ನಡುವಯಸ್ಸು. "ಎಂತ ತೊಂದ್ರೆ?" ಅಂದರು. ಅಕ್ಕ ತಲೆ ತಗ್ಗಿಸಿದಳು. ದಾರಿಯಲ್ಲಿ ಎಷ್ಟು ಧೈರ್ಯ ಹೇಳಿದ್ದರೂ ಅವಳ ಬಾಯಿಂದ ಹೊರಟದ್ದು ಮತ್ತೆ ಅದೇ, "ಮೊಣಕಾಲು ನೋವು." ನಾನು ನಡುವೆ ಬಾಯಿ ಹಾಕಿದೆ. "ಮೊಣಕಾಲಲ್ಲ ಸಾರ್. ತೊಡೆಸಂದಿಯಲ್ಲಿ ಹಿಡಿಯುತ್ತದಂತೆ, ಅಲ್ಲಿಂದ ಮೊಣಕಾಲಿಗೆ ಇಳಿಯುತ್ತದೆ. ಕಾಲಿನ ಉಗುರು ತೆಗೆಯಲು ಆಗುವುದಿಲ್ಲ. ಚಪ್ಪಲಿ ಪಟ್ಟಿ ಹಾಕಲು ಆಗುವುದಿಲ್ಲ." ಹೇಳುವಾಗ ನನ್ನ ಕಿವಿಯೂ ಬಿಸಿಯಾಗಿತ್ತು.

ಅವರು ಏನೂ ಅಂದುಕೊಂಡ ಹಾಗೆ ಕಾಣಲಿಲ್ಲ. ಅವಳನ್ನು ಮಂಚದ ಮೇಲೆ ಮಲಗಿಸಿ ಮೊಣಕಾಲು ಮಡಚಿದರು, ಚಾಚಿದರು. ಅವಳು ಸುಮ್ಮನಿದ್ದಳು. ಆಮೇಲೆ ಮೊಣಕಾಲು ಮಡಚಿಟ್ಟುಕೊಂಡೇ ಪಾದವನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿದರು. ಅವಳು ನನ್ನ ಕೈ ಹಿಡಿದುಕೊಂಡಳು. ಬಳೆ ಒತ್ತಿದ ಗುರುತು ಸಂಜೆಯವರೆಗೂ ನನ್ನ ಮಣಿಕಟ್ಟಿನ ಮೇಲಿತ್ತು.

"ಸಾಕು, ಸಾಕು. ಇನ್ನು ತಿರುಗಿಸಲ್ಲ" ಅಂದರು ಡಾಕ್ಟರು.

ಸೊಂಟದ ಕೀಲಿನ ಎಕ್ಸ್‌ರೇ ತೆಗೆಸಿ ತಂದ ಮೇಲೆ ಅದನ್ನು ಬೆಳಕಿಗೆ ಹಿಡಿದು ನಮಗಿಬ್ಬರಿಗೂ ತೋರಿಸಿದರು. ಎಡಗಡೆ ತೊಡೆಮೂಳೆಯ ತಲೆ ನಿಂಬೆಹಣ್ಣಿನ ಹಾಗೆ ದುಂಡಗೆ ತನ್ನ ಗೂಡಿನಲ್ಲಿ ಕೂತಿತ್ತು. ಬಲಗಡೆಯದು ಮೇಲಿಂದ ಜಜ್ಜಿದ ಹಾಗೆ ಚಪ್ಪಟೆಯಾಗಿತ್ತು. ಗೂಡಿಗೂ ಅದಕ್ಕೂ ನಡುವೆ ಸಂದೇ ಇರಲಿಲ್ಲ.

"ಇಷ್ಟು ದಿನ ಹೆಂಗೆ ಓಡಾಡಿದ್ರಿ?" ಅಂತ ಅವಳನ್ನೇ ಕೇಳಿದರು. ಅವರು ನನ್ನ ಕಡೆ ತಿರುಗಿ, ಈ ಕೀಲು ಹಾಳಾದಾಗ ನೋವು ಮೊಣಕಾಲಲ್ಲಿ ಕಾಣಿಸಿಕೊಳ್ಳುವುದುಂಟು, ಬರೀ ಮೊಣಕಾಲು ನೋಡುತ್ತ ಕೂತರೆ ಸಿಕ್ಕುವುದಿಲ್ಲ ಅಂದರು. ಕೀಲು ಬದಲಿಸುವ ಆಪರೇಷನ್ ಬಿಟ್ಟರೆ ಇದಕ್ಕೆ ಹೆಚ್ಚಿನ ದಾರಿ ಇಲ್ಲ, ಸರ್ಕಾರದ ಕಾರ್ಡಿನಲ್ಲಿ ಆಗುತ್ತದೆ, ಶಿವಮೊಗ್ಗಕ್ಕೆ ಚೀಟಿ ಬರೆದುಕೊಡುತ್ತೇನೆ ಅಂದರು. ಮುಂದೆ ನೆಲಕ್ಕೆ ಕೂರುವುದು, ಕುಕ್ಕರುಗಾಲು, ಎರಡೂ ಬಿಡಬೇಕಾದೀತು ಅಂತಲೂ ಹೇಳಿದರು.

ನಾನು ಸಮಾಧಾನದಿಂದ ಹೊರಗೆ ಬಂದೆ. ಕಾರಣ ಸಿಕ್ಕಿತಲ್ಲ, ದಾರಿಯೂ ಸಿಕ್ಕಿತಲ್ಲ ಅಂತ. ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಕೊಪ್ಪ ಹತ್ತಿರ ಬಂದಾಗ ಅಂದಳು:

"ಕೂರದು ಬಿಟ್ರೆ ನಾನು ಎಂತ ಕೆಲಸ ಮಾಡದು ಟೀಚರೇ? ಅಡುಗೆ ಕೂತೇ. ಅಡಿಕೆ ಕೂತೇ. ಬಟ್ಟೆ ಒಗೆಯದು ಕೂತೇ. ಕಕ್ಕಸಿಗೂ ಕೂರ್ಲೇಬೇಕು. ನೋವಿದ್ರೂ ಈಗ ಹೆಂಗೋ ಕೂರ್ತೀನಿ. ಆಪರೇಷನ್ ಆದ್ರೆ ಅದೂ ಹೋಯ್ತು."

ನನ್ನ ಮನೆಯಲ್ಲಿ ಕಮೋಡ್ ಇತ್ತು, ಕುರ್ಚಿ ಇತ್ತು, ನಿಂತು ಮಾಡುವ ಅಡುಗೆ ಕಟ್ಟೆ ಇತ್ತು. ನೆಲ ಬಿಡು ಅಂತ ನನಗೆ ಹೇಳುವುದೂ ಅವಳಿಗೆ ಹೇಳುವುದೂ ಒಂದೇ ಮಾತಲ್ಲ.

ಎರಡು ವಾರ ಅವಳು ಆಪರೇಷನ್ ಮಾತೇ ಎತ್ತಲಿಲ್ಲ. ನಾನು ಮೊದಲು ಶೃಂಗೇರಿ ತಾಲ್ಲೂಕಿನ ಶಾಲೆಯಲ್ಲಿದ್ದಾಗ ಜೊತೆಗಿದ್ದ ಟೀಚರೊಬ್ಬರು ಅಲ್ಲೇ ಶೃಂಗೇರಿ ಹತ್ತಿರದ ಮೆಣಸೆಯಲ್ಲಿದ್ದಾರೆ. ಅವರ ನೆರೆಮನೆಯ ಹೆಂಗಸೊಬ್ಬರಿಗೆ ಇದೇ ಆಪರೇಷನ್ ಆಗಿದೆ ಅಂತ ಗೊತ್ತಾಯಿತು. ತೋಟ ಗದ್ದೆಯ ಕೂಲಿಗೆ ಹೋಗುವವರೇ. ಒಂದು ಶನಿವಾರ ಮಧ್ಯಾಹ್ನ ಅಕ್ಕನನ್ನೂ ಅವಳ ಗಂಡನನ್ನೂ ಅಲ್ಲಿಗೆ ಕರೆದುಕೊಂಡು ಹೋದೆ.

ಆ ಹೆಂಗಸು ನಮ್ಮನ್ನು ನೋಡಿದ ಕೂಡಲೇ ಅಕ್ಕನ ನಡಿಗೆ ನೋಡಿ, "ಬಲಗಾಲಾ? ನಂದು ಎಡಗಾಲು" ಅಂದರು. ಆಮೇಲೆ ನಮಗೆ ಮಾತಾಡಲು ಎಡೆಯೇ ಸಿಗಲಿಲ್ಲ. ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಮಾಡಿ ಹಿತ್ತಲಿನ ಕಕ್ಕಸಿನ ಮೇಲೆ ಇಟ್ಟುಕೊಂಡದ್ದನ್ನು ತೋರಿಸಿದರು. ಅಕ್ಕನ ಗಂಡ ಅದನ್ನು ಅತ್ತಿಂದ ಇತ್ತಿಂದ ನೋಡಿ ಕಾಲುಗಳನ್ನು ಅಲ್ಲಾಡಿಸಿ ಪರೀಕ್ಷೆ ಮಾಡಿದ. ಮೆಟ್ಟುಗತ್ತಿಯನ್ನು ಎತ್ತರದ ಬೆಂಚಿಗೆ ಹೊಡೆಸಿಕೊಂಡು, ಎದುರಿಗೆ ಸ್ಟೂಲಿನಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಬಟ್ಟೆ ಒಗೆಯುವ ಕಲ್ಲನ್ನು ಸೊಂಟದೆತ್ತರಕ್ಕೆ ಕಟ್ಟಿಸಿದ್ದರು.

"ಮೊದ್ಲು ಮೂರು ತಿಂಗಳು ಕಷ್ಟ. ಯಾರ್ಯಾರೋ ಬಂದು ಎಂತೆಂತದೋ ಹೇಳ್ತಾರೆ. ಕೇಳ್ಬೇಡ. ಡಾಕ್ಟ್ರು ಹೇಳಿದ್ದು ಮಾತ್ರ ಕೇಳು. ಕಾಲು ಮೇಲೆ ಕಾಲು ಹಾಕ್ಬೇಡ, ಬಗ್ಗಬೇಡ, ನಡಿ. ನಡೆದಷ್ಟೂ ಒಳ್ಳೇದು" ಅಂದರು.

ಅಕ್ಕ ಒಂದೇ ಪ್ರಶ್ನೆ ಕೇಳಿದಳು. "ನೋವು?"

"ಆ ನೋವಾ? ಹೋಯ್ತು" ಅಂದರು ಅವರು, ಸಾಮಾನ್ಯ ಸಂಗತಿ ಹೇಳುವ ಹಾಗೆ.

ಶೃಂಗೇರಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಗಂಡ ನನ್ನ ಹಿಂದಿನ ಸೀಟಿನಿಂದ ಮುಂದಕ್ಕೆ ಬಗ್ಗಿ ಮೆಲ್ಲಗೆ ಕೇಳಿದ. "ಟೀಚರೇ, ಇವಳಿಗೆ ಅಲ್ಲಿ ನೋವು ಅಂತ ನಂಗೆ ಎಂತಕ್ಕೆ ಹೇಳಿಲ್ಲ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳನ್ನೇ ಕೇಳು ಅಂದೆ. ಕೇಳಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಮುಂದಿನ ವಾರ ಇಬ್ಬರೂ ಚೀಟಿ ಹಿಡಿದುಕೊಂಡು ಶಿವಮೊಗ್ಗಕ್ಕೆ ಹೋದರು.

ಆಪರೇಷನ್ ಜನವರಿಯಲ್ಲಿ ಆಯಿತು. ಮೂರನೇ ದಿನ ನಾನು ನೋಡಲು ಹೋದಾಗ ಅವಳು ವಾಕರ್ ಹಿಡಿದು ವಾರ್ಡಿನಲ್ಲಿ ನಿಂತಿದ್ದಳು. ಬಿಳುಚಿಕೊಂಡಿದ್ದಳು. ಮಗಳು ಪಕ್ಕದಲ್ಲಿದ್ದಳು.

"ಹೆಂಗಿದೀಯ?"

"ಹೊಲಿಗೆ ಉರೀತದೆ ಟೀಚರೇ. ಆದ್ರೆ ಆ ನೋವು ಇಲ್ಲ. ಹುಡುಕಿದೆ, ಇಲ್ಲ." ಅಷ್ಟು ಹೇಳಿ ಅವಳು ಅತ್ತಳು. ಅಷ್ಟು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ.

ನಾನು ಹೇಳಬೇಕಾದ್ದನ್ನು ಅಲ್ಲೇ ಹೇಳಿದೆ. "ನೀನು ಸರಿಯಾಗಿ ಮಾಡ್ತಿಲ್ಲ ಅಂತ ಬೈದಿದ್ದೆ ಅಕ್ಕ. ತಪ್ಪಾಯ್ತು."

ಅವಳು ಕಣ್ಣೊರೆಸಿಕೊಂಡಳು. "ನೀವು ಬೈದಿದ್ದಕ್ಕೆ ಬೇಜಾರಾಗಿತ್ತು, ಸುಳ್ಳು ಹೇಳದಿಲ್ಲ. ಆದ್ರೆ ಮನೆತಂಕ ಬಂದ್ರಲ್ಲ." ಅವಳು ಕ್ಷಮಿಸಿದಳೋ ಇಲ್ಲವೋ ಅಂತ ನಾನು ಮತ್ತೆ ಕೇಳಲಿಲ್ಲ.

ಶಾಲೆಯಲ್ಲಿ ನನಗೆ ಒಂದು ಕೆಲಸ ಬಾಕಿಯಿತ್ತು. ಅವಳ ಜಾಗಕ್ಕೆ ಬೇರೆಯವರ ಹೆಸರು ಬರೆದುಕೊಡಿ ಅಂತ ಸಮಿತಿಯವರು ಎರಡು ಸಲ ಕೇಳಿದ್ದರು. ಮಾರ್ಚ್ ಸಭೆಯಲ್ಲಿ ನಾನು ಎದ್ದು ನಿಂತು ಹೇಳಿದೆ. ಗಂಜಿ ಚೆಲ್ಲಿದ್ದು ಅವಳ ಅಜಾಗರೂಕತೆಯಿಂದಲ್ಲ, ಹಾಳಾದ ಕೀಲಿನಿಂದ, ಅದು ಈಗ ಸರಿಯಾಗಿದೆ. ಒಲೆ ನೆಲದಲ್ಲಿ ಇರಲೇಬೇಕು ಅಂತ ಎಲ್ಲಿಯೂ ಬರೆದಿಲ್ಲ. ಅಧ್ಯಕ್ಷರು ನನ್ನ ಕಡೆ ತಿರುಗಿದರು.

"ಡಾಕ್ಟ್ರು ಬರ್ದು ಕೊಟ್ರೆ ನಂದೇನೂ ತಕರಾರಿಲ್ಲ. ಕಟ್ಟೆ ಕಟ್ಟದು ಎಂತ ದೊಡ್ಡ ಕೆಲಸ? ರಜೇಲಿ ಮುಗಿಸುವ" ಅಂದರು. ಅವರೇ ಗಾರೆ ಕೆಲಸದವನನ್ನು ಕರೆದುಕೊಂಡು ಬಂದು ನಿಂತು ಕಟ್ಟಿಸಿದರು. ಒಲೆಗೆ, ದೊಡ್ಡ ಪಾತ್ರೆ ಇಟ್ಟರೆ ನಿಂತೇ ಕೈಯಾಡಿಸುವ ಹಾಗೆ, ಮೊಣಕಾಲಿಗಿಂತ ಸ್ವಲ್ಪ ಮೇಲೆ ಬರುವ ಕಟ್ಟೆ, ಪಾತ್ರೆ ತೊಳೆಯಲು ನಿಂತು ತೊಳೆಯುವ ತೊಟ್ಟಿ, ತರಕಾರಿ ಹೆಚ್ಚಲು ಹಳೆಯ ಮೇಜೊಂದು ಮತ್ತು ಎತ್ತರದ ಸ್ಟೂಲು. ದೊಡ್ಡ ಪಾತ್ರೆ ಇಳಿಸುವುದು ಸಹಾಯಕಿಯ ಕೆಲಸ ಅಂತ ಮಾತಾಯಿತು. ಸಹಾಯಕಿ ಮೊದಮೊದಲು ಗೊಣಗಿದಳು. ಒಂದು ತಿಂಗಳಾದ ಮೇಲೆ ಅವಳೇ, "ನಿಂತು ಮಾಡದೇ ಆರಾಮ ಟೀಚರೇ, ನಂಗೂ ಸೊಂಟ ಹಿಡಿಯದು ಕಡಿಮೆ ಆಗಿದೆ" ಅಂದಳು.

ಅಕ್ಕ ಜೂನ್‌ನಲ್ಲಿ ಕೆಲಸಕ್ಕೆ ಬಂದಳು. ಕೋಲು ಹಿಡಿದೇ ಬಂದಳು. ಮೊದಲ ದಿನ ಮಕ್ಕಳು ಕೋಲನ್ನೇ ನೋಡುತ್ತಿದ್ದರು. ಒಳಗೆ ಸ್ಟೀಲಿನ ಕೀಲು ಇದೆ ಅಂತ ಯಾರೋ ಹೇಳಿ, ಒಂದನೇ ಕ್ಲಾಸಿನವರು ಕಿವಿಯಿಟ್ಟು ಕೇಳಲು ಸಾಲಾಗಿ ನಿಂತರು. ಅವಳು ಗದರಿಸದೆ ನಿಂತುಕೊಂಡಳು. ಟಿಕ್ ಟಿಕ್ ಅನ್ನುತ್ತದೆ ಅಂತ ಒಬ್ಬಳು ಖಂಡಿತವಾಗಿ ಹೇಳಿದಳು.

ನನ್ನ ಮೊಣಕಾಲು ನನ್ನದೇ ದಾರಿಯಲ್ಲಿದೆ. ಒಳ್ಳೆಯ ದಿನಗಳಿವೆ, ಕೆಟ್ಟ ದಿನಗಳಿವೆ. ಮೋಡ ಕಟ್ಟಿದರೆ ನನಗೆ ಮೊದಲೇ ತಿಳಿಯುತ್ತದೆ ಅಂತ ನಮ್ಮ ಮನೆಯವರು ತಮಾಷೆ ಮಾಡುತ್ತಾರೆ. ನಿವೃತ್ತಿಯ ಮೇಲೆ ನನಗೂ ಆಪರೇಷನ್ ಬೇಕಾಗಬಹುದು ಅಂತ ಡಾಕ್ಟರು ಹೇಳಿದ್ದಾರೆ. ಈಗ ಆ ಮಾತು ಕೇಳಿದರೆ ಮೊದಲಿನಷ್ಟು ಎದೆ ಹೊಡೆದುಕೊಳ್ಳುವುದಿಲ್ಲ. ಯಾರಾದರೂ ನನ್ನ ಹತ್ತಿರ ಬಂದು ನೋವು ಅಂದರೆ ವ್ಯಾಯಾಮ ಹೇಳಿಕೊಡುವುದನ್ನು ಬಿಟ್ಟಿದ್ದೇನೆ. ಮೊದಲು ಅವರ ಮಾತು ಮುಗಿಯುವವರೆಗೆ ಕೇಳುತ್ತೇನೆ.

ಕಳೆದ ಡಿಸೆಂಬರ್‌ನಲ್ಲಿ ಶಾಲೆಯ ಮಕ್ಕಳನ್ನು ಒಂದು ದಿನದ ಮಟ್ಟಿಗೆ ಸಿರಿಮನೆ ಜಲಪಾತಕ್ಕೆ ಕರೆದುಕೊಂಡು ಹೋಗಿದ್ದೆವು. ನೀರಿನ ಹತ್ತಿರ ಹೋಗಲು ಮೆಟ್ಟಿಲು ಇಳಿಯಬೇಕು. ನಾನು ಮೇಲೆಯೇ ಬುತ್ತಿಯ ಚೀಲ ಕಾಯುತ್ತ ಕೂತೆ. ಅಕ್ಕ ಸ್ವಲ್ಪ ಹೊತ್ತು ನನ್ನ ಜೊತೆ ಕೂತಿದ್ದವಳು ಎದ್ದಳು.

"ನಾನು ಒಂಚೂರು ಹೋಗಿ ಬರ್ತೀನಿ ಟೀಚರೇ. ಇಷ್ಟು ಹತ್ರ ಇದ್ದೂ ಒಂದ್ಸಲನೂ ನೋಡಿಲ್ಲ."

"ಆಗ್ತದಾ?"

"ಕಂಬಿ ಇದೆಯಲ್ಲ" ಅಂದಳು.

ಕಂಬಿ ಹಿಡಿದು ಅವಳು ಒಂದೊಂದೇ ಮೆಟ್ಟಿಲು ಇಳಿದು ಹೋದಳು. ತಿರುವಿನಲ್ಲಿ ಮರೆಯಾಗುವವರೆಗೂ ನಾನು ನೋಡುತ್ತಲೇ ಇದ್ದೆ. ಕೆಳಗಿನಿಂದ ಮಕ್ಕಳ ಕೂಗು ಕೇಳಿಸುತ್ತಿತ್ತು. ಬಹಳ ಹೊತ್ತಾದ ಮೇಲೆ ಅವಳು ಮಕ್ಕಳ ಹಿಂದೆ ಹತ್ತಿ ಬಂದಳು, ಹಣೆಯ ಕೂದಲೆಲ್ಲ ಒದ್ದೆ, ಸೀರೆಯ ಅಂಚು ಒದ್ದೆ. ನನ್ನ ಪಕ್ಕದಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಲು ಶುರುಮಾಡಿದಳು. ನೀರು ಎಷ್ಟು ಎತ್ತರದಿಂದ ಬೀಳುತ್ತದೆ, ಬಂಡೆ ಎಷ್ಟು ಜಾರುತ್ತದೆ, ಹನಿ ಎಲ್ಲಿಯವರೆಗೆ ಹಾರುತ್ತದೆ. ನಾನು ಬುತ್ತಿ ಬಿಚ್ಚಿ ಮಕ್ಕಳಿಗೆ ಬಡಿಸುತ್ತ ಅವಳ ಮಾತು ಕೇಳಿಸಿಕೊಂಡೆ.

"ಮುಂದಿನ ಸಲ ನೀವೂ ಬನ್ನಿ ಟೀಚರೇ. ನಿಮ್ಮ ಆಪರೇಷನ್ ಆಗ್ಲಿ, ನಾನೇ ಕರ್ಕೊಂಡು ಬರ್ತೀನಿ" ಅಂದಳು. ಆಮೇಲೆ ನನ್ನ ಕೈಯಿಂದ ಸೌಟು ತೆಗೆದುಕೊಂಡು, "ನೀವು ಕೂತ್ಕಳಿ, ನಾನು ಬಡಿಸ್ತೀನಿ" ಅಂತ ಎದ್ದಳು.